ಮೂರನೇ ಕುರ್ಚಿ: ನಿರಾಶ್ರಿತರ ಮನೋಚಿಕಿತ್ಸೆಯಲ್ಲಿ ದುಭಾಷಿಯ ಜೊತೆ ಕೆಲಸ ಮಾಡುವ ಬಗೆ

ನಮ್ಮ ಕಡೆ ಯಾರಾದರೂ ಡಾಕ್ಟರ ಮುಂದೆ ಕೂತು "ಹೊಟ್ಟೆ ಉರೀತದರೀ" ಅಂದರೆ ಅದು ಆಸಿಡಿಟಿ ಇರಬಹುದು, ಪಕ್ಕದ ಮನೆಯವರ ಹೊಸ ಕಾರು ಇರಬಹುದು, ಸತ್ತ ಮಗನ ನೆನಪೂ ಇರಬಹುದು. ಹೇಳಿದವರ ಮುಖ, ದನಿ, ಹಿಂದುಮುಂದಿನ ಮಾತು ನೋಡಿ ಕನ್ನಡ ಬಲ್ಲ ಡಾಕ್ಟರು ಯಾವುದೆಂದು ಊಹಿಸುತ್ತಾರೆ. ಡಾಕ್ಟರಿಗೆ ಕನ್ನಡವೇ ಬರುವುದಿಲ್ಲ ಎಂದುಕೊಳ್ಳಿ. ನಡುವೆ ಕೂತವರು "ಇವರಿಗೆ ಹೊಟ್ಟೆನೋವಂತೆ" ಅಂದುಬಿಟ್ಟರೆ ಒಂದು ಮಾತ್ರೆ ಬರೆದು ಕಳಿಸುತ್ತಾರೆ. ಮಗ ಸತ್ತ ವಿಷಯ ಆ ಕೋಣೆಯೊಳಗೆ ಬರುವುದೇ ಇಲ್ಲ.

ಯುದ್ಧ, ಸೆರೆ, ಚಿತ್ರಹಿಂಸೆ ಕಂಡು ಜರ್ಮನಿಗೆ ಬಂದವರ ಮನೋಚಿಕಿತ್ಸೆ ನನ್ನ ಕೆಲಸ. ನನಗೆ ಬರುವುದು ಧಾರವಾಡದ ಕನ್ನಡ, ಇಂಗ್ಲಿಷ್, ದೊಡ್ಡವರಾದ ಮೇಲೆ ಕಲಿತ ಜರ್ಮನ್. ಎದುರು ಕೂತವರಿಗೆ ಬರುವುದು ಕುರ್ದಿ ಜನರ ಕುರ್ಮಾಂಜಿ, ಅಫ್ಘಾನಿಸ್ತಾನದ 'ದಾರಿ' ಭಾಷೆ, ಇಥಿಯೋಪಿಯಾ-ಎರಿಟ್ರಿಯಾ ಕಡೆಯ ತಿಗ್ರಿನ್ಯಾ, ಅರಬ್ಬಿ. ಹಾಗಾಗಿ ನನ್ನ ಕೋಣೆಯಲ್ಲಿ ಯಾವಾಗಲೂ ಮೂರು ಕುರ್ಚಿ. ಮಗುವನ್ನು ಕಳೆದುಕೊಂಡ ಕುರ್ದಿ ತಾಯಿ ತನ್ನ ಯಕೃತ್ತು ಸುಟ್ಟುಹೋಯಿತು ಅನ್ನುತ್ತಾಳೆ. ದಾರಿ ಮಾತಾಡುವ ಅಫ್ಘನ್ನರು ಆರದ ದುಃಖಕ್ಕೆ 'ಜಿಗರ್ ಖೂನ್' ಅನ್ನುತ್ತಾರೆ, ಅಂದರೆ ಯಕೃತ್ತೇ ರಕ್ತವಾಯಿತು ಎಂದು. ನಮ್ಮಲ್ಲಿ ಕರುಳು ಮಾಡುವ ಕೆಲಸವನ್ನು ಅಲ್ಲಿ ಯಕೃತ್ತು ಮಾಡುತ್ತದೆ, ಅಷ್ಟೇ. ಇದು ಗೊತ್ತಿಲ್ಲದೆ ಲಿವರ್ ಟೆಸ್ಟ್ ಬರೆದುಕೊಟ್ಟವರನ್ನೂ ನೋಡಿದ್ದೇನೆ.

ವಿದೇಶದಲ್ಲಿ ಇಂಥ ಕೆಲಸಕ್ಕೆ ಸೇರಿರುವ ಕನ್ನಡದ ಮನಶ್ಶಾಸ್ತ್ರಜ್ಞರು, ನರ್ಸುಗಳು, ಸಮಾಜ ಕಾರ್ಯಕರ್ತರು ಕೆಲವರು ಕೇಳಿದರೆಂದು ಇದನ್ನು ಬರೆಯುತ್ತಿದ್ದೇನೆ. ಪ್ರಸಂಗಗಳಲ್ಲಿ ಯಾರ ಗುರುತೂ ಸಿಗದಂತೆ ವಿವರ ಬದಲಿಸಿದ್ದೇನೆ.

ಮೊದಲು ಒಂದು ಅನುಮಾನ

"ಮೂರನೆಯವರ ಬಾಯಿಂದ ಚಿಕಿತ್ಸೆ ಆಗುತ್ತದೆಯೇ?" ಹೊಸಬರೆಲ್ಲ ಕೇಳುವ ಪ್ರಶ್ನೆ ಇದು. ಪೂರ್ವ ಲಂಡನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ದುಭಾಷಿಯೊಂದಿಗೆ ಅರಿವು-ವರ್ತನೆ ಚಿಕಿತ್ಸೆ (ಯೋಚನೆ, ನಡತೆ ಬದಲಿಸಲು ಕಲಿಸುವ ಸಿಬಿಟಿ) ಪಡೆದ ನಿರಾಶ್ರಿತರೂ ಚೇತರಿಸಿಕೊಂಡಿದ್ದರು. 2019ರ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ ದುಭಾಷಿ ಬೇಕಾದವರ ಚೇತರಿಕೆ ಕಡಿಮೆ ಕಂಡಿತು. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಅನ್ನಿಸುವುದು ಇಷ್ಟು: ದುಭಾಷಿ ಬೇಕಾಗುವವರು ಸಾಮಾನ್ಯವಾಗಿ ಶಾಲೆ ಕಡಿಮೆ ಕಂಡವರು, ಹೊಸದಾಗಿ ಬಂದವರು, ಒಂಟಿಯಾದವರು. ಅವರ ಹೊರೆಯೇ ದೊಡ್ಡದು. ಜೊತೆಗೆ, ದುಭಾಷಿಯನ್ನು ನೀರಿನ ಪೈಪಿನಂತೆ ಬಳಸುವುದಕ್ಕೂ ಕೋಣೆಯಲ್ಲಿರುವ ಮೂರನೇ ಮನುಷ್ಯ ಎಂದು ನಡೆಸಿಕೊಳ್ಳುವುದಕ್ಕೂ ಅಜಗಜಾಂತರ. ಈ ಕೆಲಸದ ಅರ್ಧ ಭಾಗ ಸೆಷನ್ನಿನ ಆಚೆಗಿನ ನಿಮಿಷಗಳಲ್ಲಿ, ಅಂದರೆ ಬಾಗಿಲು ತೆಗೆಯುವ ಮುಂಚೆ ಮತ್ತು ಹಾಕಿದ ಮೇಲೆ, ನಡೆಯುತ್ತದೆ. ಸಂಸ್ಥೆಗಳು ಹಣ ಉಳಿಸಲು ಮೊದಲು ಕತ್ತರಿಸುವುದೂ ಆ ನಿಮಿಷಗಳನ್ನೇ.

ಹಂತ 1: ಯಾರನ್ನು ಕೂರಿಸಬಾರದು

ಮಕ್ಕಳನ್ನು ಕೂರಿಸಬೇಡಿ. ಹೊಸ ದೇಶದ ಭಾಷೆ ಮೊದಲು ಕಲಿಯುವವರು ಮಕ್ಕಳೇ, ಆದ್ದರಿಂದ ಆಸೆ ಆಗುತ್ತದೆ. ಹನ್ನೆರಡು ವರ್ಷದ ಹುಡುಗಿ ತಾಯಿಯ ಮೇಲೆ ನಡೆದ ಅತ್ಯಾಚಾರವನ್ನು ಅನುವಾದಿಸುವ ಪರಿಸ್ಥಿತಿಗೆ ಯಾವ ಸಮಜಾಯಿಷಿಯೂ ಇಲ್ಲ. ಹಾಗೆ ಆಗುವುದೂ ಇಲ್ಲ, ಯಾಕೆಂದರೆ ಮಗಳ ಮುಂದೆ ತಾಯಿ ಆ ಮಾತು ಎತ್ತುವುದೇ ಇಲ್ಲ. ಗಂಡ, ಅತ್ತೆ, ಕ್ಯಾಂಪಿನ ನೆರೆಯವರು, "ನನಗೂ ಸ್ವಲ್ಪ ಅರಬ್ಬಿ ಬರುತ್ತೆ" ಅನ್ನುವ ಆಸ್ಪತ್ರೆಯ ಕಾವಲುಗಾರ, ಇವರೆಲ್ಲ ಅಪಾಯಿಂಟ್‌ಮೆಂಟಿನ ತಾರೀಖು ತಿಳಿಸಲು ಸಾಕು, ಅದಕ್ಕಿಂತ ಆಚೆಗೆ ಬೇಡ.

ಇನ್ನೊಬ್ಬರನ್ನೂ ಬಿಡಬೇಕು. ಆಶ್ರಯ ಅರ್ಜಿಯ ವಿಚಾರಣೆಯಲ್ಲಿ ಸರ್ಕಾರಿ ಅಧಿಕಾರಿಯ ಪಕ್ಕ ಕೂತಿದ್ದ ದುಭಾಷಿ ಎಷ್ಟೇ ನುರಿತವರಾದರೂ ಚಿಕಿತ್ಸೆಗೆ ಬೇಡ. ಅದೇ ದನಿ ಮತ್ತೆ ಕೇಳಿದರೆ, ಇದೂ ಒಂದು ವಿಚಾರಣೆ ಎಂದೇ ಅನ್ನಿಸುತ್ತದೆ.

ಹಂತ 2: ಭಾಷೆಯ ಹೆಸರು ಸಾಲದು

ಬುಕಿಂಗ್ ಫಾರಂನಲ್ಲಿ 'ಭಾಷೆ' ಎಂಬ ಒಂದೇ ಖಾನೆ ಇರುತ್ತದೆ. 'ಕನ್ನಡ' ಎಂದು ಬರೆದರೆ ಕಲಬುರಗಿಯ ಅಜ್ಜಿಗೆ ಕುಂದಾಪುರದ ಹುಡುಗ ಬರಬಹುದು. ಕೆಲಸ ನಡೆದೀತು, ಆದರೆ ಅಜ್ಜಿ ಅರ್ಧ ಮಾತು ನುಂಗಿಕೊಳ್ಳುತ್ತಾಳೆ. 'ಕುರ್ದಿಶ್' ಅಂತ ಬರೆದರೆ ಇನ್ನೂ ಕಷ್ಟ. ಕುರ್ಮಾಂಜಿ ಮಾತಾಡುವವರಿಗೆ ಇನ್ನೊಂದು ಕುರ್ದಿ ನುಡಿಯಾದ ಸೊರಾನಿಯ ದುಭಾಷಿ ಬಂದರೆ ಇಬ್ಬರೂ ಪರದಾಡುತ್ತಾರೆ.

ಇರಾಕಿನ ಅಲ್ಪಸಂಖ್ಯಾತರಾದ ಯಜೀದಿಗಳ ಉದಾಹರಣೆ ನೋಡಿ. 2014ರ ಆಗಸ್ಟ್ 3ರಂದು ಐಸಿಸ್ ಉಗ್ರರು ಇರಾಕಿನ ಸಿಂಜಾರ್ ಮೇಲೆ ದಾಳಿ ಮಾಡಿ ಗಂಡಸರನ್ನು ಕೊಂದರು, ಸಾವಿರಾರು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ಅವರಲ್ಲಿ ತಪ್ಪಿಸಿಕೊಂಡ ಸುಮಾರು 1,100 ಮಹಿಳೆಯರು ಮತ್ತು ಮಕ್ಕಳನ್ನು ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2015ರಿಂದ ವಿಶೇಷ ಯೋಜನೆಯಲ್ಲಿ ಕರೆತಂದಿತು. ಇವರಲ್ಲಿ ಹೆಚ್ಚಿನವರ ಮನೆಮಾತು ಕುರ್ಮಾಂಜಿ. ಎಷ್ಟೋ ಮಂದಿಗೆ ಅರಬ್ಬಿಯೂ ಅರ್ಥವಾಗುತ್ತದೆ. ದುಭಾಷಿ ಸಿಗದ ದಿನ "ಅರಬ್ಬಿಯಲ್ಲೇ ಮುಗಿಸೋಣ" ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಸೆರೆಯಲ್ಲಿಟ್ಟವರು ಕೂಗಾಡುತ್ತಿದ್ದದ್ದು ಅರಬ್ಬಿಯಲ್ಲಿ. ಗಂಡಸಿನ ದನಿಯ ಅರಬ್ಬಿ ಕೇಳಿದ ಕೂಡಲೇ ಕೈಕಾಲು ತಣ್ಣಗಾಗುವ ಹೆಂಗಸಿಗೆ ಅದೇ ಭಾಷೆಯಲ್ಲಿ "ನೀವಿಲ್ಲಿ ಸುರಕ್ಷಿತರು" ಅಂದರೆ ಹೇಗೆ ಕೇಳಿಸೀತು?

ಇಥಿಯೋಪಿಯಾದ ಟಿಗ್ರೆ ಪ್ರಾಂತ್ಯದವರಿಗೂ ಪಕ್ಕದ ಎರಿಟ್ರಿಯಾದ ಎಷ್ಟೋ ಮಂದಿಗೂ ಭಾಷೆ ಒಂದೇ, ತಿಗ್ರಿನ್ಯಾ. 2020ರಲ್ಲಿ ಶುರುವಾದ ಟಿಗ್ರೆ ಯುದ್ಧದಲ್ಲಿ ಎರಿಟ್ರಿಯಾದ ಸೈನ್ಯವೂ ಇತ್ತು, ಹಾಗಾಗಿ ಉಚ್ಚಾರವೇ ಹೆದರಿಸಬಹುದು. ಅಫ್ಘಾನಿಸ್ತಾನದ ಹಜಾರಾ ಸಮುದಾಯದವರಿಗೆ ಅದೇ ದೇಶದ ಪಶ್ತೂನ್ ಸಮುದಾಯದ ದುಭಾಷಿ ಸರಿಹೋಗಬಹುದು, ಹೋಗದೆಯೂ ಇರಬಹುದು. ನೀವೇ ಊಹಿಸಿ ತೀರ್ಮಾನಿಸಬೇಡಿ. ಭಾಷೆ, ಉಪಭಾಷೆ, ಹೆಣ್ಣೋ ಗಂಡೋ, ಯಾವ ಊರ ಕಡೆಯವರು ಬೇಡ, ಈ ನಾಲ್ಕನ್ನೂ ಮೊದಲ ಫೋನಿನಲ್ಲೇ ಕೇಳಿ. ಹೆಂಗಸರಿಗೆಲ್ಲ ಹೆಂಗಸೇ ಬೇಕು ಎಂದೂ ತಿಳಿಯಬೇಡಿ. ತನ್ನ ಊರಿನ ಹೆಂಗಸರ ನಾಲಿಗೆಗೇ ಹೆದರಿ, "ದೂರದ ಊರಿನ ವಯಸ್ಸಾದ ಗಂಡಸು ಇದ್ದರೆ ಕೊಡಿ" ಅಂದವರಿದ್ದಾರೆ.

ಸಿಕ್ಕಮೇಲೆ ಕೊನೆತನಕ ಅದೇ ವ್ಯಕ್ತಿ ಇರಲಿ. ಜರ್ಮನಿಯಲ್ಲಿ ಸಾರ್ವಜನಿಕ ಆರೋಗ್ಯ ವಿಮೆ ದುಭಾಷಿಯ ಶುಲ್ಕವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಹಣ ದೇಣಿಗೆಯಿಂದಲೋ ಯೋಜನೆಯಿಂದಲೋ ಬರಬೇಕು. ಆರು ತಿಂಗಳ ಹಣ ಖಾತ್ರಿ ಆಗುವವರೆಗೆ ಆಘಾತದ ನೆನಪುಗಳಿಗೆ ಕೈಹಾಕಬೇಡಿ ಎಂಬುದು ನನ್ನ ಹಟ. ಗಾಯ ಬಿಚ್ಚಿಟ್ಟು "ಬಜೆಟ್ ಮುಗಿಯಿತು" ಅನ್ನಲಾಗದು.

ಹಂತ 3: ಬಾಗಿಲು ತೆಗೆಯುವ ಮುಂಚಿನ 15 ನಿಮಿಷ

ದುಭಾಷಿಯನ್ನು 15 ನಿಮಿಷ ಮುಂಚೆ ಕರೆಸಿ, ಆ ಸಮಯಕ್ಕೂ ದುಡ್ಡು ಕೊಡಿ. ಕಾಯುವ ಕೋಣೆಯಲ್ಲಿ ಅವರೂ ಚಿಕಿತ್ಸೆಗೆ ಬಂದವರೂ ಅಕ್ಕಪಕ್ಕ ಕೂರದಂತೆ ನೋಡಿಕೊಳ್ಳಿ. ಅಲ್ಲಿ ಕೂತರೆ "ನಿಮ್ಮ ಊರು ಯಾವುದು, ಯಾರ ಪೈಕಿ" ಶುರುವಾಗುತ್ತದೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಆಗುವಂತೆಯೇ ಹತ್ತು ನಿಮಿಷದಲ್ಲಿ ನೆಂಟಸ್ತಿಕೆ ಹೊರಬರುತ್ತದೆ.

ಆ ಹೊತ್ತಿನಲ್ಲಿ ಮುಖ್ಯವಾಗಿ ಶಬ್ದಗಳನ್ನು ಕೂಡಿ ಆರಿಸಿಕೊಳ್ಳಬೇಕು. ಖಿನ್ನತೆ ಎಂಬ ಪದ ಕನ್ನಡದಲ್ಲಿದೆ, ಆದರೆ ಹಳ್ಳಿಯಲ್ಲಿ ಯಾರು ಹಾಗನ್ನುತ್ತಾರೆ? "ಯಾವುದರಲ್ಲೂ ಮನಸ್ಸಿಲ್ಲ" ಅನ್ನುತ್ತಾರೆ. ಹಾಗೆಯೇ ಅವರ ಭಾಷೆಯ ಪುಸ್ತಕದ ಪದ ಬೇಡ, ಮನೆಯ ಪದ ಬೇಕು. ಹಿಂದಿನ ಆಘಾತ ಈಗಲೇ ನಡೆಯುತ್ತಿದೆ ಅನ್ನಿಸುವ ಫ್ಲ್ಯಾಶ್‌ಬ್ಯಾಕಿಗೆ ಏನನ್ನೋಣ? ಒಬ್ಬ ದುಭಾಷಿ ಸೂಚಿಸಿದ್ದು "ಅದು ಮತ್ತೆ ಬಂದು ನಿಲ್ಲುತ್ತದೆ" ಎಂದು. ಇವತ್ತಿಗೂ ಅದನ್ನೇ ಬಳಸುತ್ತೇನೆ. ದೇಹದ ಭಾಗಗಳ, ಲೈಂಗಿಕ ಹಿಂಸೆಯ ಪದಗಳನ್ನು ಆಗಲೇ ಬಾಯಿಬಿಟ್ಟು ಹೇಳಿಸಿ. ಕೋಣೆಯಲ್ಲಿ ಮೊದಲ ಸಲ ಎದುರಾದರೆ ದುಭಾಷಿ ನಾಚಿ "ಅವರಿಗೆ ತೊಂದರೆ ಕೊಟ್ಟರಂತೆ" ಎಂದು ತೇಲಿಸಿಬಿಡುತ್ತಾರೆ. 'ತೊಂದರೆ' ಎಂದು ಕೇಳಿಸಿಕೊಂಡ ನೀವು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೀರಿ. ತಾನು ಹೇಳಿದ್ದು ಇವರಿಗೆ ಏನೂ ಅನ್ನಿಸಲಿಲ್ಲ ಎಂದುಕೊಂಡು ಆಕೆ ಮತ್ತೆ ಬಾಯಿ ತೆರೆಯುವುದಿಲ್ಲ.

ಬಹುವಚನದ ಮಾತೂ ಆಗಲೇ ಆಗಲಿ. ನಾನು ಜರ್ಮನ್ನಿನಲ್ಲಿ 'ನೀವು' ಅನ್ನುತ್ತೇನೆ, ದುಭಾಷಿ ಇಪ್ಪತ್ತರ ಹುಡುಗನೆಂದು 'ನೀನು' ಮಾಡಿದರೆ, ನಾನು ಕೊಟ್ಟ ಗೌರವ ದಾರಿಯಲ್ಲೇ ಸೋರಿಹೋಗುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಸಹೋದ್ಯೋಗಿಗಳಿಗೆ ಇದನ್ನು ವಿವರಿಸಲು ಸಾಕಾಗುತ್ತದೆ. ಕನ್ನಡಿಗರಿಗೆ ವಿವರಿಸಬೇಕಿಲ್ಲ.

ಪ್ರಶ್ನಾವಳಿಗಳ ಬಗ್ಗೆ ಒಂದೇ ಮಾತು: ಆಘಾತ ಅಳೆಯುವ ಹಾರ್ವರ್ಡ್ ಟ್ರಾಮಾ ಪ್ರಶ್ನಾವಳಿ, ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಮುಂತಾದವುಗಳ ಪರೀಕ್ಷಿಸಿದ ಅನುವಾದಗಳು ಅನೇಕ ಭಾಷೆಗಳಲ್ಲಿವೆ. ಅವನ್ನೇ ಬಳಸಿ, ದುಭಾಷಿಯಿಂದ ಸ್ಥಳದಲ್ಲೇ ಅನುವಾದ ಮಾಡಿಸಬೇಡಿ.

ಹಂತ 4: ಮೊದಲ ಭೇಟಿಯ ಕರಾರು

ಕುರ್ಚಿಗಳನ್ನು ತ್ರಿಕೋನಕ್ಕೆ ಹಾಕಿ, ಮೂರರ ನಡುವೆಯೂ ಒಂದೇ ಅಂತರ ಇರಲಿ. ಬಾಗಿಲು ಚಿಕಿತ್ಸೆಗೆ ಬಂದವರ ಕಣ್ಣಿಗೆ ಕಾಣುವಂತಿರಲಿ, ದಾರಿಗೆ ಯಾರೂ ಅಡ್ಡ ಕೂರಬಾರದು. ನೀವು ನೋಡಬೇಕಾದದ್ದು ಅವರನ್ನು, ದುಭಾಷಿಯನ್ನಲ್ಲ. "ಅವರನ್ನು ಕೇಳಿ, ನಿದ್ದೆ ಬರುತ್ತಾ ಅಂತ" ಅನ್ನಬೇಡಿ. "ನಿಮಗೆ ನಿದ್ದೆ ಬರುತ್ತಾ?" ಎಂದು ನೇರ ಕೇಳಿ.

ಕಂಪನಿ ಸರ್ಕಾರದ ಕಾಲದ ಮದ್ರಾಸಿನಲ್ಲಿ 'ದುಬಾಷ್' ಅನ್ನುವವರಿದ್ದರು, ದುಭಾಷಿ ಪದವೇ ಇಂಗ್ಲಿಷರ ಬಾಯಲ್ಲಿ ಹಾಗಾದದ್ದು. ಅನುವಾದವೂ ಅವರದೇ, ದಲ್ಲಾಳಿಕೆಯೂ ಅವರದೇ, ಎರಡೂ ಕಡೆಯವರಿಗೆ ಅವರ ಮೇಲೆ ಅನುಮಾನ. ಆ ಅನುಮಾನ ಇವತ್ತಿಗೂ ಮೂರನೇ ಕುರ್ಚಿಗೆ ಅಂಟಿಕೊಂಡಿದೆ. ಅದನ್ನು ಮೊದಲ ಹತ್ತು ನಿಮಿಷದಲ್ಲಿ ಹೊರತೆಗೆಯಬೇಕು. ನಾನು ಹೆಚ್ಚುಕಡಿಮೆ ಹೀಗೆ ಹೇಳುತ್ತೇನೆ:

"ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ. ನನ್ನ ಹಾಗೆ ಇವರೂ ಸಹಿ ಮಾಡಿದ್ದಾರೆ. ನಾವು ಇಬ್ಬರೂ ವಲಸೆ ಇಲಾಖೆಯವರಲ್ಲ. ಇವರು ನೀವು ಹೇಳಿದ್ದನ್ನೆಲ್ಲ ಹೇಳುತ್ತಾರೆ, ನಾನು ಹೇಳಿದ್ದನ್ನೂ ಎಲ್ಲ ಹೇಳುತ್ತಾರೆ. ಆದ್ದರಿಂದ ನನಗೆ ತಿಳಿಯಬಾರದ್ದನ್ನು ಇವರಿಗೂ ಹೇಳಬೇಡಿ. ಹೊರಗೆ ಅಂಗಡಿಯಲ್ಲಿ ಸಿಕ್ಕರೆ ನೀವೇ ಮೊದಲು ಮಾತಾಡಿಸುವವರೆಗೆ ಇವರು ಗುರುತು ಹಿಡಿಯುವುದಿಲ್ಲ, ಅದು ಅಹಂಕಾರವಲ್ಲ. ಇವರು ಬೇಡವೆನಿಸಿದರೆ ಕಾರಣ ಕೊಡದೆ ಹೇಳಬಹುದು, ಬೇರೆಯವರನ್ನು ಹುಡುಕುತ್ತೇನೆ."

ಕೊನೆಯ ವಾಕ್ಯವನ್ನು ದುಭಾಷಿಯ ಬಾಯಿಂದಲೇ ಹೇಳಿಸುವುದು ವಿಚಿತ್ರ ಅನ್ನಿಸುತ್ತದೆ. ಹಾಗಾಗಿ ಬೇಡವೆನಿಸಿದರೆ ತಿಳಿಸಲು ಇನ್ನೊಂದು ದಾರಿಯನ್ನೂ ಕೊಡಿ, ಕ್ಯಾಂಪಿನ ಸಮಾಜ ಕಾರ್ಯಕರ್ತರ ಮೂಲಕವೋ, ಅವರದೇ ಭಾಷೆಯಲ್ಲಿ ಬರೆದ ಒಂದು ಚೀಟಿಯ ಮೂಲಕವೋ.

ಹಂತ 5: ಮಾತಿನ ನಡೆ

ಎರಡು ಮೂರು ವಾಕ್ಯಕ್ಕೆ ನಿಲ್ಲಿಸಿ. ಉಪವಾಕ್ಯ, ಗಾದೆ, ತಮಾಷೆ ಕಡಿಮೆ ಮಾಡಿ. ಸೆಷನ್ನಿಗೆ ಒಂದೂವರೆ ಪಟ್ಟು ಸಮಯ ಇಡಿ. ಅನುವಾದ ನಡೆಯುವಾಗ ನೋಟ್ಸ್ ಬರೆಯುತ್ತ ಕೂರಬೇಡಿ. ಆ ಹೊತ್ತು ನಿಮ್ಮ ಪಾಲಿಗೆ ಬಂದ ಲಾಭ: ಮಾತಾಡುವವರ ಕೈ, ಉಸಿರು, ಕಾಲಬೆರಳು ನೋಡಲು ಸಿಗುವ ಬಿಡುವು.

ದುಭಾಷಿ ಉತ್ತಮ ಪುರುಷದಲ್ಲೇ, 'ನಾನು' ಎಂದೇ ಹೇಳಬೇಕು ಎನ್ನುವುದು ಸಾಮಾನ್ಯ ನಿಯಮ. "ಅವರು ಹೇಳುತ್ತಿದ್ದಾರೆ ಅವರಿಗೆ ಭಯವಂತೆ" ಅಂದಾಗ ಭಯ ದೂರ ಹೋಗುತ್ತದೆ, "ನನಗೆ ಭಯ" ಅಂದಾಗ ಎದುರಿಗೇ ಬರುತ್ತದೆ. ಆದರೆ ಈ ನಿಯಮದಿಂದ ದುಭಾಷಿಗೆ ಎಷ್ಟು ಪೆಟ್ಟು ಬೀಳುತ್ತದೆಂದು ಹೆಚ್ಚು ಜನ ಯೋಚಿಸುವುದಿಲ್ಲ. ಚಿತ್ರಹಿಂಸೆಯ ಕತೆಯನ್ನು ದಿನಕ್ಕೆ ಮೂರು ಬಾರಿ, ಮೂರು ಜನರ ಪರವಾಗಿ 'ನನ್ನನ್ನು' 'ನನ್ನನ್ನು' ಎಂದು ಹೇಳುವ ಬಾಯಿ ಅದು. ಆದ್ದರಿಂದ ನನ್ನ ಜೊತೆ ಒಂದು ಸನ್ನೆಯ ಒಪ್ಪಂದ ಇರುತ್ತದೆ. ಅವರು ಪೆನ್ನನ್ನು ಮೇಜಿನ ಮೇಲೆ ಅಡ್ಡ ಇಟ್ಟರೆ, ಸ್ವಲ್ಪ ಹೊತ್ತು 'ಅವರು' ಎಂದು ಹೇಳುತ್ತಾರೆ. ಶಾಸ್ತ್ರ ಕೆಡುತ್ತದೆ ಅನ್ನುವವರು ಅನ್ನಲಿ, ಮೂರು ತಿಂಗಳಿಗೆ ದುಭಾಷಿ ಕೆಲಸ ಬಿಟ್ಟರೆ ಕೆಡುವುದು ಹೆಚ್ಚು.

ಅಂದಗೊಳಿಸಬೇಡಿ ಎಂದು ದುಭಾಷಿಗೆ ಒತ್ತಿ ಹೇಳಿ. ಒಬ್ಬಾತ ಐದು ವಾರ ಅಚ್ಚುಕಟ್ಟಾಗಿ ಮಾತಾಡುತ್ತಿದ್ದಾನೆಂದು ತಿಳಿದಿದ್ದೆ. ಆರನೇ ವಾರ ಬದಲಿ ದುಭಾಷಿ ಬಂದರು. "ಕ್ಷಮಿಸಿ, ವಾಕ್ಯ ಮುಗಿಯುತ್ತಿಲ್ಲ. 'ಕತ್ತಲೆ... ನನ್ನಣ್ಣ... ಇಲ್ಲ, ಬಕೆಟ್ಟು...' ಎಂದಷ್ಟೇ ಹೇಳುತ್ತಿದ್ದಾರೆ" ಅಂದರು. ಮೊದಲಿನವರು ಪಾಪ, ಒಳ್ಳೆಯ ಮನಸ್ಸಿನಿಂದ ತುಂಡುಗಳನ್ನೆಲ್ಲ ಹೊಲಿದು ಕೊಡುತ್ತಿದ್ದರು. ಆ ಹರಿದುಹೋದ ಮಾತೇ ನನಗೆ ಬೇಕಾದ ಸುಳಿವಾಗಿತ್ತು. ತಪ್ಪು ನನ್ನದೇ, ಮೊದಲ ದಿನ ಹೇಳಿರಲಿಲ್ಲ.

ಎರಡು ನಿಮಿಷದ ಮಾತಿಗೆ ಒಂದು ಸಾಲಿನ ಅನುವಾದ ಬಂದರೆ ಸಿಟ್ಟಾಗಬೇಡಿ. "ಪೂರ್ತಿ ಕೇಳುವ ಆಸೆ ನನಗೆ, ನಿಧಾನಕ್ಕೆ ಹೇಳಿ" ಅನ್ನಿ. ಇಬ್ಬರೂ ತಮ್ಮತಮ್ಮಲ್ಲೇ ಮಾತಿಗಿಳಿದರೆ "ನನ್ನನ್ನೂ ಸೇರಿಸಿಕೊಳ್ಳಿ" ಅಂದರೆ ಸಾಕು, ನಗುತ್ತಾರೆ. ಅರ್ಥ ಹೇಳಬೇಕಾದ ಮಾತು ಬಂದಾಗ ಮೊದಲು ಪದಶಃ, ಆಮೇಲೆ "ನಮ್ಮಲ್ಲಿ ಹೀಗಂದರೆ..." ಎಂದು ಬೇರೆಯಾಗಿ ಹೇಳಲಿ. ಆ ವಿವರಣೆಯನ್ನು ಹೇಳಿದವರಿಗೂ ತಿಳಿಸಿ, ಸರಿಯೇ ಎಂದು ಕೇಳಬೇಕು.

ಮೊದಲ ವಾರಗಳಲ್ಲಿ ಬಂದವರು ದುಭಾಷಿಯನ್ನೇ ನೋಡಿ ಮಾತಾಡುತ್ತಾರೆ, ಅಕ್ಕ ಅನ್ನುತ್ತಾರೆ, ನನ್ನನ್ನು ಕಪಾಟಿನಂತೆ ಮರೆಯುತ್ತಾರೆ. ಹೊಟ್ಟೆಕಿಚ್ಚು ಪಡದೆ ಕಾಯಿರಿ. ಆದರೆ ಆ ಅಕ್ಕ ಮನೆ ಹುಡುಕಿಕೊಡಲು, ಪತ್ರ ಓದಿಹೇಳಲು ಹೊರಟರೆ ತಡೆಯಿರಿ. ಮುಂದೊಂದು ದಿನ ಆಕೆಗೆ "ಇಲ್ಲ" ಅನ್ನಬೇಕಾಗಿ ಬಂದಾಗ ಪೆಟ್ಟು ಬೀಳುವುದು ಚಿಕಿತ್ಸೆಗೆ.

ಹಂತ 6: ಹಗ್ಗ, ಹೂವು, ಕಲ್ಲು

ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಮ್ಯಾಗಿ ಶಾವರ್, ಫ್ರಾಂಕ್ ನಾಯ್ನರ್, ಥಾಮಸ್ ಎಲ್ಬರ್ಟ್ ರೂಪಿಸಿದ ನಿರೂಪಣಾ ಚಿಕಿತ್ಸೆ (ನ್ಯಾರೇಟಿವ್ ಎಕ್ಸ್‌ಪೋಷರ್ ಥೆರಪಿ) ನಿರಾಶ್ರಿತರಲ್ಲಿ ಬಹಳ ಬಳಕೆಯಲ್ಲಿದೆ. ಹುಟ್ಟಿನಿಂದ ಇವತ್ತಿನವರೆಗಿನ ಬದುಕನ್ನು ನೆಲದ ಮೇಲೆ ಒಂದು ಹಗ್ಗವಾಗಿ ಹಾಸುತ್ತಾರೆ. ಒಳ್ಳೆಯದಕ್ಕೆ ಹೂವು, ಕೆಟ್ಟದ್ದಕ್ಕೆ ಕಲ್ಲು. ಮುಂದಿನ ಬದುಕಿನ ಹಗ್ಗ ಸುರುಳಿಯಾಗಿಯೇ ಉಳಿಯುತ್ತದೆ. ದುಭಾಷಿ ಇರುವ ಕೋಣೆಗೆ ಇದು ಹೇಳಿಮಾಡಿಸಿದ ಹಾಗಿದೆ. ಕಲ್ಲಿನ ಗಾತ್ರಕ್ಕೆ ಅನುವಾದ ಬೇಕಿಲ್ಲ. ಒಬ್ಬ ಹೆಂಗಸು 2014ರ ಜಾಗದಲ್ಲಿ ಕಲ್ಲಿಡಲು ಬುಟ್ಟಿಯಲ್ಲೆಲ್ಲ ಹುಡುಕಿ, ಸಾಕಷ್ಟು ದೊಡ್ಡದು ಸಿಗದೆ, ಬುಟ್ಟಿಯನ್ನೇ ಎತ್ತಿ ಅಲ್ಲಿಟ್ಟಳು.

ಆಮೇಲಿನ ಸೆಷನ್ನುಗಳಲ್ಲಿ ಒಂದೊಂದೇ ಕಲ್ಲಿನ ಕತೆಯನ್ನು ನಿಧಾನವಾಗಿ ಹೇಳಿಸುತ್ತೇವೆ, ಬರೆದುಕೊಂಡು ಮುಂದಿನ ಸಲ ಓದಿ ಕೇಳಿಸುತ್ತೇವೆ. ಓದುವ ಪುಟವನ್ನು ದುಭಾಷಿಗೆ ಮುಂಚೆಯೇ ತೋರಿಸಿ. ನೆನಪು ಕುದಿಯುವ ಜಾಗದಲ್ಲಿ 'ಎರಡು ಮೂರು ವಾಕ್ಯಕ್ಕೆ ನಿಲ್ಲಿಸಿ' ಎಂಬ ನಿಯಮ ಬಿಟ್ಟುಬಿಡಿ. ಆಗ ಅವರು ಮಾತಾಡುತ್ತ ಹೋಗಲಿ, ದುಭಾಷಿ ತಗ್ಗಿದ ದನಿಯಲ್ಲಿ ಜೊತೆಜೊತೆಗೇ ಹೇಳಲಿ.

ಇಲ್ಲಿ ಒಂದು ತಯಾರಿ ತಪ್ಪಬಾರದು. ಮಾತಾಡುತ್ತಿದ್ದವರ ಕಣ್ಣು ಒಂದೇ ಕಡೆ ನೆಟ್ಟು, ಮುಖ ಬಿಳುಚಿ, ಅವರು ಈ ಕೋಣೆಯಿಂದ ಹಿಂಸೆ ನಡೆದ ಆ ಕೋಣೆಗೆ ಹೋಗಿಬಿಡುವುದುಂಟು. ಆಗ ಅವರ ಕಿವಿಗೆ ತಲುಪುವುದು ನನ್ನ ಜರ್ಮನ್ ಅಲ್ಲ, ದುಭಾಷಿಯ ದನಿ. ಆ ದನಿ ನಡುಗಿದರೆ ಕೆಟ್ಟಿತು. ಹಾಗಾಗಿ ನಾಲ್ಕೈದು ವಾಕ್ಯಗಳನ್ನು ಮುಂಚೆಯೇ ಅಭ್ಯಾಸ ಮಾಡಿಸುತ್ತೇನೆ: "ನೀವು ಜರ್ಮನಿಯಲ್ಲಿದ್ದೀರಿ. ಇವತ್ತು ಮಂಗಳವಾರ. ಪಾದ ನೆಲಕ್ಕೆ ಒತ್ತಿ. ನನ್ನ ಕೈಯಲ್ಲಿರುವ ನಿಂಬೆಹೋಳು ಯಾವ ಬಣ್ಣ?" ನಿಂಬೆಹೋಳು ತಮಾಷೆಯಲ್ಲ, ಮೂಸಿಸಿದರೆ, ನಾಲಿಗೆಗೆ ಮುಟ್ಟಿಸಿದರೆ ಬೇಗ ಮರಳುತ್ತಾರೆ. ಪ್ರತಿ ಸಲ ವಾಕ್ಯ ನಾನು ಹೇಳುತ್ತೇನೆ, ಅವರು ಹೇಳುತ್ತಾರೆ, ಅದೇ ತಾಳ. ಮುಟ್ಟುವುದು, ಭುಜ ತಟ್ಟುವುದು ಇಬ್ಬರಿಗೂ ಬೇಡ.

ಹಂತ 7: ಬಾಗಿಲು ಹಾಕಿದ ಮೇಲೆ

ದುಭಾಷಿಗಳಲ್ಲಿ ಹಲವರು ತಾವೇ ಒಂದು ಕಾಲದಲ್ಲಿ ಅದೇ ದೋಣಿ, ಅದೇ ಗಡಿ ದಾಟಿ ಬಂದವರು. ಹತ್ತು ನಿಮಿಷ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ನನಗೆ ತಪ್ಪಿಹೋದದ್ದು ನಿಮಗೇನಾದರೂ ಕೇಳಿಸಿತೇ? ಯಾವ ಮಾತು ಹೇಳಲು ಕಷ್ಟವಾಯಿತು? ಈಗ ಇಲ್ಲಿಂದ ಎಲ್ಲಿಗೆ ಹೋಗುತ್ತೀರಿ? ಮೂರನೆಯದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. "ಮನೆಗೆ ಹೋಗುವ ಮುಂಚೆ ಒಂದು ಗಂಟೆ ಟ್ರಾಮಿನಲ್ಲಿ ಸುಮ್ಮನೆ ಸುತ್ತುತ್ತೇನೆ" ಎಂದು ಒಬ್ಬರು ಅಂದ ಮೇಲೆ ಅವರಿಗೆ ವಾರಕ್ಕೆ ಎರಡೇ ಸೆಷನ್ ಎಂದು ಮಿತಿ ಹಾಕಿದೆವು. ದುಭಾಷಿಗೇ ಚಿಕಿತ್ಸೆ ಮಾಡಲು ಹೋಗಬೇಡಿ, ಆದರೆ ತಿಂಗಳಿಗೊಮ್ಮೆ ಅವರೆಲ್ಲರಿಗೆ ಹೊರಗಿನವರ ಮೇಲ್ವಿಚಾರಣೆಯ ಸಭೆ ಇರಲಿ.

ಫೋನು, ಮತ್ತು ನಮ್ಮೂರು

ಆಸ್ಟ್ರೇಲಿಯಾ 1973ರಲ್ಲೇ ದೂರವಾಣಿ ದುಭಾಷಿ ಸೇವೆ ಆರಂಭಿಸಿತ್ತು. ಊರಲ್ಲಿ ಆ ಭಾಷೆಯವರು ಇಪ್ಪತ್ತೇ ಮನೆ ಇದ್ದು ಎಲ್ಲರಿಗೂ ಎಲ್ಲರೂ ಗೊತ್ತಿದ್ದರೆ ದೂರದ ಫೋನೇ ಲೇಸು, ಮುಖ ಕಾಣದಿದ್ದರೆ ನಾಚಿಕೆಯೂ ಕಡಿಮೆ. ಆದರೆ ಕಲ್ಲಿನ ಕತೆ ಹೇಳಿಸುವ ಸೆಷನ್ನುಗಳಿಗೆ ಬೇಡ. ಎದುರಿನವರ ಕಣ್ಣು ನೆಟ್ಟದ್ದು ಫೋನಿನಾಚೆಯ ದುಭಾಷಿಗೆ ಕಾಣುವುದಿಲ್ಲ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೂ ಬೈಲಕುಪ್ಪೆ, ಮುಂಡಗೋಡಗಳಲ್ಲಿ 1960ರ ದಶಕದಿಂದ ಟಿಬೆಟಿಯನ್ನರಿದ್ದಾರೆ. ಅಲ್ಲೇ ಹುಟ್ಟಿದ ಎಷ್ಟೋ ಮಂದಿಗೆ ಕನ್ನಡ ಬರುತ್ತದೆ. ಟಿಬೆಟಿನಿಂದ ತಡವಾಗಿ ಬಂದವರ ಪಾಡು ಬೇರೆ. ಅವರು ತಮ್ಮ ತಳಮಳಕ್ಕೆ 'ಸೋಕ್-ಲುಂಗ್' ಅನ್ನಬಹುದು, ಟಿಬೆಟಿಯನ್ ವೈದ್ಯದಲ್ಲಿ ಅದು ಪ್ರಾಣವಾಯುವಿನ ಕೆಡಕು. 'ಗ್ಯಾಸ್' ಎಂದು ಅನುವಾದವಾಗುವ ಅಪಾಯ ಎಷ್ಟಿದೆ ನೋಡಿ! ಹೊಟ್ಟೆ ಉರಿಯ ಕತೆಯೇ ಮತ್ತೆ.

ದುಭಾಷಿ ಬಿಡುವ ಹೊತ್ತು

ಒಂದು ದಿನ ಅವರೇ ಹೊಸ ಭಾಷೆಯಲ್ಲಿ ಮಾತು ಶುರುಮಾಡುತ್ತಾರೆ. ಕೂಡಲೇ ದುಭಾಷಿಯನ್ನು ಕಳಿಸಬೇಡಿ, ತರಕಾರಿ ಕೊಳ್ಳುವ ಜರ್ಮನ್ ಬೇರೆ, ತಮ್ಮನ ಹೆಣದ ಬಗ್ಗೆ ಹೇಳುವ ಜರ್ಮನ್ ಬೇರೆ. ಕೆಲವರಿಗೆ ಇದು ತಿರುಗಾಮುರುಗಾ. ಮನೆಮಾತಿನಲ್ಲಿ ಬಾಯಿಗೇ ಬಾರದ ಪದವನ್ನು ತಂಪಾದ ಪರಭಾಷೆಯಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಯಾವ ಕತೆಗೆ ಯಾವ ಭಾಷೆ ಎಂಬುದನ್ನು ಅವರೇ ಆರಿಸಲಿ, ದುಭಾಷಿ ಸುಮ್ಮನೆ ಕೂತಿರಲಿ, ಕೂತದ್ದಕ್ಕೂ ಪೂರ್ತಿ ಶುಲ್ಕ ಕೊಡಿ. ಬೀಳ್ಕೊಡುಗೆಯ ತಾರೀಖನ್ನು ಮೂರು ವಾರ ಮುಂಚೆ ಹೇಳಿ, ಆ ದಿನ ಮೂವರೂ ಇರಿ.

ಬುಟ್ಟಿ ಇಟ್ಟ ಹೆಂಗಸು ಹಾಗೆ ಒಂದು ಸೆಷನ್ನಿನಲ್ಲಿ ಕೈಯೆತ್ತಿ ದುಭಾಷಿಯನ್ನು ತಡೆದು, ನನ್ನ ಕಡೆ ತಿರುಗಿ, ಮುರುಕು ಜರ್ಮನ್ನಿನಲ್ಲಿ "ಇದು ನಾನು ಹೇಳುವೆ" ಅಂದಳು. ದುಭಾಷಿ ತಮ್ಮ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.